ಏಳು ದಿನಕ್ಕೆ ಏಳು ಕಿಲೋ: ಪಥ್ಯದ ಹೆಸರಿನಲ್ಲೊಂದು ಮೋಹ

‘ಪಥ್ಯ’ ಎಂಬುದು ನಮ್ಮ ಮನೆಗಳಲ್ಲಿ ಬಹು ಹಿಂದಿನಿಂದ ಬಂದ ಮಾತು. ಬಾಣಂತಿಗೆ ಪಥ್ಯ, ಕಾಮಾಲೆಯಾದವರಿಗೆ ಪಥ್ಯ, ಜ್ವರ ಬಿಟ್ಟು ಎದ್ದವರಿಗೆ ಪಥ್ಯ. ಈ ಮಾತಿಗೆ ಮೂರು ಕಟ್ಟುಗಳಿದ್ದವು. ಯಾರಿಗೆ, ಯಾವ ಕಾಯಿಲೆಗೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬಲ್ಲ ವೈದ್ಯನು ಪಥ್ಯ ಹೇಳುತ್ತಿರಲಿಲ್ಲ. ಹೇಳುವವನು ರೋಗಿಯನ್ನು ಕಣ್ಣಾರೆ ಕಂಡವನಾಗಿರುತ್ತಿದ್ದ. ಕಾಯಿಲೆ ಕಳೆದ ಮೇಲೆ ಪಥ್ಯವೂ ಮುಗಿಯುತ್ತಿತ್ತು; ಮನೆಮಂದಿಯ ಊಟಕ್ಕೆ ರೋಗಿ ಮರಳುತ್ತಿದ್ದ.

ಈಗ ಆ ಮಾತಿನ ಜಾಗದಲ್ಲಿ ‘ಡಯಟ್’ ಬಂದು ಕುಳಿತಿದೆ. ಇದಕ್ಕೆ ಯಾವ ಕಟ್ಟೂ ಇಲ್ಲ. ಹೇಳುವವನು ಕೇಳುವವನನ್ನು ಕಂಡಿಲ್ಲ. ಇಪ್ಪತ್ತರ ತರುಣಿಗೂ ಅರವತ್ತರ ಸಕ್ಕರೆ ಕಾಯಿಲೆಯ ಅಜ್ಜನಿಗೂ ಒಂದೇ ಪಟ್ಟಿ. ಮೊಬೈಲಿನ ಪರದೆಯ ಮೇಲೆ ಹದಿನೈದು ನಿಮಿಷದ ಉಪನ್ಯಾಸ, ಕೆಳಗೆ ನೂರಾರು ಜನರ ಧನ್ಯವಾದ, ಕೊನೆಗೆ ಒಂದು ಡಬ್ಬಿ ಪುಡಿಯ ಮಾರಾಟ. ‘ಏಳು ದಿನಕ್ಕೆ ಏಳು ಕಿಲೋ ಇಳಿಸಿ’ ಎಂಬ ವಾಗ್ದಾನ ಇಂದು ನಗರದ ಮಹಡಿ ಮನೆಗಳಲ್ಲಷ್ಟೇ ಕೇಳಿಬರುತ್ತಿಲ್ಲ. ಕೃಷ್ಣಾ ತೀರದ ಹಳ್ಳಿಯ ಪಡಸಾಲೆಯಲ್ಲಿಯೂ ಕೇಳಿಬರುತ್ತಿದೆ. ಈ ವಾಗ್ದಾನ ಎಷ್ಟು ನಿಜ, ಅದನ್ನು ನಂಬಿದವರಿಗೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೊಳೆ ಬದಲಿಸಿದ ತಾಟು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರನ್ನು ಕೇಳದ ರೈತರು ಉತ್ತರ ಕರ್ನಾಟಕದಲ್ಲಿ ವಿರಳ. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಬತ್ತಿಹೋಗುತ್ತಿದ್ದ ಕಾಲದಲ್ಲಿ, ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಇಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂತು. ದುಡಿಮೆಯ ಆ ಸ್ಮಾರಕದ ಬಗ್ಗೆ ಹೆಮ್ಮೆಪಡದವರಿಲ್ಲ. ನೀರು ನಿಂತಿತು, ಹೊಲ ಹಸಿರಾಯಿತು, ಬಿಳಿಜೋಳ ಬೆಳೆಯುತ್ತಿದ್ದ ಎರೆ ಭೂಮಿಯಲ್ಲಿ ಕಬ್ಬು ಎದ್ದುನಿಂತಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯೆಲ್ಲ ಸಕ್ಕರೆ ಕಾರ್ಖಾನೆಗಳ ನಾಡಾಯಿತು. ಮಹಾಲಿಂಗಪುರದ ಬೆಲ್ಲದ ಪೇಟೆ ಮೊದಲೇ ಹೆಸರಾಗಿತ್ತು.

ಹೊಲದಲ್ಲಿ ಬೆಳೆ ಬದಲಾದಾಗ ತಾಟಿನಲ್ಲಿ ಊಟವೂ ಬದಲಾಗುತ್ತದೆ. ಜೋಳ ಮನೆಯ ಹಗೇವಿನಿಂದ ಬರುತ್ತಿದ್ದ ಧಾನ್ಯ. ಈಗ ಅನೇಕ ಮನೆಗಳಲ್ಲಿ ಅದು ಪೇಟೆಯಿಂದ ಕೊಂಡು ತರುವ ಧಾನ್ಯ. ಮುಂಜಾನೆಯ ಕಟಿರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆಗಳ ಜಾಗಕ್ಕೆ ಉಪ್ಪಿಟ್ಟು, ಬಿಸ್ಕತ್ತು, ಎರಡು ಮೂರು ಬಾರಿಯ ಸಕ್ಕರೆ ಚಹಾ ಬಂದವು. ಸಂಜೆಗೆ ಮಿರ್ಚಿ ಭಜಿ. ಮದುವೆಯಲ್ಲಿ ಮಾತ್ರ ಕಾಣುತ್ತಿದ್ದ ಸಿಹಿ ಈಗ ದಿನವೂ ಕಾಣುತ್ತದೆ. ಅದೇ ವೇಳೆಗೆ ಎತ್ತಿನ ಹಿಂದೆ ನಡೆಯುತ್ತಿದ್ದ ಕಾಲು ಟ್ರ್ಯಾಕ್ಟರಿನ ಮೇಲೆ ಕುಳಿತಿತು. ಕೊಡ ಹೊತ್ತು ಹೊಳೆಗೆ ಹೋಗುತ್ತಿದ್ದ ಸೊಂಟಕ್ಕೆ ನಲ್ಲಿ ಬಂತು. ಇದು ದೂಷಿಸಬೇಕಾದ ಸಂಗತಿಯಲ್ಲ. ಬರದ ನೆನಪಿರುವ ಯಾರೂ ನೀರು ಬಂದದ್ದನ್ನು ಶಪಿಸುವುದಿಲ್ಲ. ಆದರೆ ಹಸಿವಿನ ಕಾಲಕ್ಕೆಂದು ರೂಪುಗೊಂಡ ಊಟದ ಅಭ್ಯಾಸಗಳು ಸಮೃದ್ಧಿಯ ಕಾಲಕ್ಕೆ ಹೊಂದಿಕೊಳ್ಳುವ ಮೊದಲೇ ಸಮೃದ್ಧಿ ಬಂದುಬಿಟ್ಟಿತು.

ಇದು ಒಂದು ಸೀಮೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 24 ಮಂದಿಯ ತೂಕ ಹೆಚ್ಚು; ಕರ್ನಾಟಕದಲ್ಲಿ ಇದು ನೂರಕ್ಕೆ ಸುಮಾರು 30. ಅದೇ ಸಮೀಕ್ಷೆಯಲ್ಲಿ ದೇಶದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ನಮ್ಮ ದೇಹಗಳಿಗೆ ಅನ್ನ ಹೆಚ್ಚಾಗಿದೆ, ಸತ್ವ ಕಡಿಮೆಯಾಗಿದೆ. ಹೀಗಿರುವಾಗ ಇದ್ದ ಸತ್ವವನ್ನೂ ಕಿತ್ತುಕೊಳ್ಳುವ ಪಟ್ಟಿಯೊಂದು ‘ಡಯಟ್’ ಎಂಬ ಹೆಸರಿನಲ್ಲಿ ಬಂದರೆ ಅದು ಉಪಕಾರವೋ ಅಪಕಾರವೋ?

ಹಳೆಯ ಸರಕಿಗೆ ಹೊಸ ಚೀಲ

ಈ ಪಟ್ಟಿಗಳು ಹೊಸ ಶೋಧದಂತೆ ಬರುತ್ತವೆ, ಆದರೆ ಹೊಸವಲ್ಲ. ಅನ್ನ, ರೊಟ್ಟಿ, ಸಕ್ಕರೆಗಳನ್ನು ಬಿಟ್ಟು ಮಾಂಸ ಹೆಚ್ಚು ತಿನ್ನಿರೆಂದು 1863ರಲ್ಲಿಯೇ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ಒಂದು ಕಿರುಹೊತ್ತಿಗೆ ಬರೆದರು. ಅವರ ಕಸಬು ಶವಸಂಸ್ಕಾರದ ವ್ಯವಸ್ಥೆ ಮಾಡುವುದು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ ಬಹುಮಟ್ಟಿಗೆ ಅದನ್ನೇ ಮತ್ತೆ ಹೇಳಿದರು. ಈಗ ‘ಕೀಟೊ’ ಎಂಬ ಹೆಸರಿನಲ್ಲಿ ಅದರದೇ ಇನ್ನೊಂದು ರೂಪ ಬಂದಿದೆ. ಕೀಟೊ ಆಹಾರಕ್ರಮ ಹುಟ್ಟಿದ್ದು ತೂಕ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅದನ್ನು ಮೂರ್ಛೆರೋಗದ ಚಿಕಿತ್ಸೆಗೆಂದು ಸೂಚಿಸಲಾಯಿತು. ಔಷಧಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ಇಂದಿಗೂ ವೈದ್ಯರ ಕಣ್ಗಾವಲಿನಲ್ಲಿ, ರಕ್ತಪರೀಕ್ಷೆಗಳೊಂದಿಗೆ ಅದನ್ನು ಕೊಡುತ್ತಾರೆ. ಅಂದರೆ ಅದು ನಿಜವಾದ ಪಥ್ಯ. ಯಾರಿಗೆ, ಯಾವುದಕ್ಕೆ, ಎಷ್ಟು ದಿನ ಎಂಬ ಮೂರು ಕಟ್ಟುಗಳನ್ನು ಕಿತ್ತೊಗೆದು ಪೇಟೆಗೆ ತಂದಾಗ ಅದು ಮೋಹವಾಯಿತು.

ಏಳು ದಿನದ ‘ಜಿಎಂ ಡಯಟ್’ ಇನ್ನೊಂದು ಬಗೆ. ಮೊದಲ ದಿನ ಹಣ್ಣು ಮಾತ್ರ, ಎರಡನೆಯ ದಿನ ತರಕಾರಿ ಮಾತ್ರ, ನಾಲ್ಕನೆಯ ದಿನ ಬಾಳೆಹಣ್ಣು ಹಾಲು, ನಡುನಡುವೆ ಎಲೆಕೋಸಿನ ಸಾರು. ಜನರಲ್ ಮೋಟರ್ಸ್ ಎಂಬ ಕಾರಿನ ಕಂಪನಿ ತನ್ನ ನೌಕರರಿಗಾಗಿ ಸಿದ್ಧಪಡಿಸಿತೆಂದು ಹೇಳುತ್ತಾರೆ. ಅದಕ್ಕೆ ಆಧಾರ ದೊರೆತಿಲ್ಲ. ಕಾರಿನ ಕಂಪನಿ ಹೇಳಿದ್ದರೂ ಊಟದ ವಿಷಯದಲ್ಲಿ ಅದನ್ನು ಏಕೆ ನಂಬಬೇಕೆಂದು ಯಾರೂ ಕೇಳುವುದಿಲ್ಲ.

ನಮ್ಮ ಗಡಿಯಾಚೆಯ ಮಹಾರಾಷ್ಟ್ರದಿಂದ 2018ರ ಸುಮಾರಿಗೆ ಬಂದ ಇನ್ನೊಂದು ಉಪದೇಶ ಸರಳವಾದುದು. ದಿನಕ್ಕೆ ಎರಡೇ ಊಟ, ಪ್ರತಿಯೊಂದೂ 55 ನಿಮಿಷದೊಳಗೆ ಮುಗಿಯಬೇಕು, ನಡುವೆ ಏನೂ ಇಲ್ಲ. ಡಾ. ಜಗನ್ನಾಥ ದೀಕ್ಷಿತರು ಪ್ರಚುರಪಡಿಸಿದ ಈ ಕ್ರಮದಲ್ಲಿ ಪುಡಿ ಡಬ್ಬಿಗಳ ಮಾರಾಟವಿಲ್ಲ ಎಂಬುದನ್ನು ಮೆಚ್ಚಬೇಕು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ನಮ್ಮ ಗಾದೆಗೂ ಅದು ಹತ್ತಿರ. ಆದರೆ ಗಡಿಯಾರ ನೋಡಿ ಉಣ್ಣುವುದರಲ್ಲಿಯೇ ವಿಶೇಷ ಶಕ್ತಿಯಿದೆಯೇ? ಚೀನಾದ ಗುವಾಂಗ್ಝೌದಲ್ಲಿ 139 ಮಂದಿ ದಪ್ಪ ಮೈಯವರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಊಟವನ್ನು ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಲಾಗಿತ್ತು. ಅರ್ಧ ಜನ ಮಾತ್ರ ದಿನದ ಎಂಟು ಗಂಟೆಗಳೊಳಗೆ ಉಣ್ಣಬೇಕಿತ್ತು. ವರ್ಷದ ಕೊನೆಗೆ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತೂಕ ಇಳಿದದ್ದು ಕಡಿಮೆ ತಿಂದದ್ದರಿಂದ, ಗಡಿಯಾರದಿಂದಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟದ ಹೊತ್ತು ಬಿಟ್ಟರೆ ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ ಎಂಬ ಎಚ್ಚರವನ್ನೂ ಇಲ್ಲಿ ಸೇರಿಸಬೇಕು.

ತಕ್ಕಡಿಯ ಸುಳ್ಳು

‘ಏಳು ದಿನಕ್ಕೆ ಏಳು ಕಿಲೋ’ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. ದಿನಕ್ಕೊಂದು ಕಿಲೋ ಕೊಬ್ಬು ಕರಗಬೇಕಾದರೆ ಅಷ್ಟು ಶಕ್ತಿ ದಿನವೂ ಹೆಚ್ಚುವರಿಯಾಗಿ ಖರ್ಚಾಗಬೇಕು. ಸಾಧಾರಣ ಕೆಲಸದ ವಯಸ್ಕರೊಬ್ಬರು ಇಡೀ ದಿನದಲ್ಲಿ ಖರ್ಚು ಮಾಡುವುದು 2,000 ಅಥವಾ 2,500 ಕ್ಯಾಲೊರಿ. ಅಂದರೆ ನೀರನ್ನೂ ಬಿಟ್ಟು ನಿಟ್ಟುಪವಾಸ ಕುಳಿತರೂ ದಿನಕ್ಕೆ ಒಂದು ಕಿಲೋ ಕೊಬ್ಬು ಕರಗುವುದಿಲ್ಲ. ಕೂಡಿಸಿ ಕಳೆಯಲು ಬಲ್ಲ ಐದನೆಯ ತರಗತಿಯ ಮಗು ಈ ಜಾಹೀರಾತನ್ನು ಸುಳ್ಳೆಂದು ಹೇಳಬಲ್ಲುದು.

ಹಾಗಾದರೆ ಮೊದಲ ವಾರ ತಕ್ಕಡಿಯ ಮುಳ್ಳು ಇಳಿಯುವುದು ಸುಳ್ಳೇ? ಸುಳ್ಳಲ್ಲ. ಇಳಿದದ್ದು ಕೊಬ್ಬೆಂಬ ತಿಳಿವಳಿಕೆ ಸುಳ್ಳು. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಅದು ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ರೊಟ್ಟಿ ಬಿಟ್ಟ ಎರಡು ಮೂರು ದಿನಗಳಲ್ಲಿ ಆ ದಾಸ್ತಾನು ಬರಿದಾಗಿ, ನೀರು ಮೂತ್ರದೊಡನೆ ಹೊರಟುಹೋಗುತ್ತದೆ. ಎರಡು ಕಿಲೋ ಇಳಿದಂತೆ ಕಾಣುತ್ತದೆ. ಪಟ್ಟಿ ಕೊಟ್ಟವನಿಗೆ ಜಯಕಾರ. ಮತ್ತೆ ರೊಟ್ಟಿ ಉಂಡ ದಿನವೇ ಆ ನೀರು ಮರಳಲಾರಂಭಿಸುತ್ತದೆ. ಆಗ ‘ರೊಟ್ಟಿಯಿಂದಲೇ ಮೈ ಬಂತು’ ಎಂದು ಅಪವಾದ ರೊಟ್ಟಿಯ ಮೇಲೆ!

ಇಳಿದದ್ದು ಏಕೆ ನಿಲ್ಲುವುದಿಲ್ಲ

ಮುಂದಿನ ಸಂಗತಿ ಇನ್ನೂ ಮುಖ್ಯವಾದುದು. ಹಸಿವಿಗೆ ದೂಡಿದ ದೇಹ ಸುಮ್ಮನಿರುವುದಿಲ್ಲ. ಅದಕ್ಕೆ ಬರ ಬಂದದ್ದೂ ಗೊತ್ತಿಲ್ಲ, ಮದುವೆಯ ಸೀರೆಗೆ ಸರಿಹೊಂದಬೇಕೆಂಬ ಆಸೆಯೂ ಗೊತ್ತಿಲ್ಲ. ಅನ್ನ ಕಡಿಮೆಯಾಯಿತೆಂಬುದಷ್ಟೇ ಗೊತ್ತು. ಬರಗಾಲದಲ್ಲಿ ಜಾಣ ಗೃಹಿಣಿ ಖರ್ಚು ಇಳಿಸುವಂತೆ ಅದೂ ತನ್ನ ಖರ್ಚನ್ನು ಇಳಿಸುತ್ತದೆ. ಅಮೆರಿಕದ ದೂರದರ್ಶನದಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಬಹಳ ಜನಪ್ರಿಯವಾಗಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂದಿತು. ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷಗಳಲ್ಲಿ ಸರಾಸರಿ 41 ಕಿಲೋ ಮರಳಿ ಬಂದಿತ್ತು. ಅದಕ್ಕಿಂತ ಅಚ್ಚರಿಯೆಂದರೆ, ಅವರ ದೇಹ ವಿಶ್ರಾಂತಿಯಲ್ಲಿದ್ದಾಗ ಖರ್ಚು ಮಾಡುವ ಶಕ್ತಿ ಅವರ ಮೈಕಟ್ಟಿಗೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆಯಾಗಿಯೇ ಉಳಿದಿತ್ತು. ಆಸ್ಟ್ರೇಲಿಯಾದ 50 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಹತ್ತು ವಾರಗಳ ಕಠಿಣ ಆಹಾರಕ್ರಮದಿಂದ ಹೆಚ್ಚಿದ ಹಸಿವೆಯ ಸಂಕೇತಗಳು ಒಂದು ವರ್ಷ ಕಳೆದರೂ ಹಳೆಯ ಸ್ಥಿತಿಗೆ ಮರಳಿರಲಿಲ್ಲ ಎಂದು ತೋರಿಸಿತು.

ಆದ್ದರಿಂದ ಮತ್ತೆ ದಪ್ಪಗಾದವರನ್ನು ನೋಡಿ ‘ಬಾಯಿ ಕಟ್ಟಲಿಲ್ಲ’ ಎಂದು ನಗುವುದು ಅನ್ಯಾಯ. ಅವರು ಸೋತದ್ದು ನಾಲಿಗೆಗಲ್ಲ. ಬರಗಾಲವನ್ನು ಗೆಲ್ಲಲೆಂದು ಮನುಷ್ಯಜೀವಿಗೆ ದೊರೆತ ಶಕ್ತಿಯ ಎದುರು ಸೋತರು. ಪಟ್ಟಿ ಮಾರಿದವನಿಗಂತೂ ಈ ಸೋಲು ಲಾಭದ್ದೇ. ಇಳಿದರೆ ಪಟ್ಟಿಯ ಹಿರಿಮೆ, ಏರಿದರೆ ನಿಮ್ಮ ದೌರ್ಬಲ್ಯ. ಯಾವ ವ್ಯಾಪಾರಿಗೂ ಇದಕ್ಕಿಂತ ಸುರಕ್ಷಿತ ವ್ಯಾಪಾರ ದೊರೆಯದು. ಸೋತವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಗೆದ್ದ ಕೆಲವರ ಚಿತ್ರಗಳು ಗೋಡೆಗೇರುತ್ತವೆ. ಹೀಗೆ ಸಾಕ್ಷಿ ಹೇಳುವವರೆಲ್ಲ ಒಂದೇ ಕಡೆಯವರಾಗುತ್ತಾರೆ.

ಮೈಕಟ್ಟೆಂಬುದು ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದ ಆಸ್ತಿ ಎಂಬುದನ್ನೂ ಮರೆಯಬಾರದು. ಮುಧೋಳದ ನಾಯಿಯ ಹೊಟ್ಟೆ ಬೆನ್ನಿಗಂಟಿರುವುದು ಅದು ಡಯಟ್ ಮಾಡಿದ್ದರಿಂದಲ್ಲ, ಅದರ ತಳಿಯೇ ಹಾಗೆ. ಮನುಷ್ಯರಲ್ಲಿಯೂ ಒಂದೇ ತಾಟಿನಲ್ಲಿ ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬ ತೆಳ್ಳಗೆ, ಒಬ್ಬ ದಪ್ಪಗೆ ಇರುವುದುಂಟು. ಆಯ್ಕೆಗೆ ಒಳಪಡುವುದೂ ಇದೆ, ಒಳಪಡದುದೂ ಇದೆ. ಈ ಎರಡನೆಯದನ್ನು ಡಯಟ್ ಪಟ್ಟಿಗಳು ಒಪ್ಪುವುದೇ ಇಲ್ಲ.

ಹಾನಿಯ ಪಟ್ಟಿ

ಕೆಲಸಕ್ಕೆ ಬಾರದಿದ್ದರೂ ಕೆಡುಕಾಗದಿದ್ದರೆ ಸುಮ್ಮನಿರಬಹುದಿತ್ತು. ತೂಕ ಬಹುಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು. ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ತೂಕ ಮರಳುವಾಗ ಹೆಚ್ಚಾಗಿ ಕೊಬ್ಬೇ ಮರಳುತ್ತದೆ. ಎರಡು ಮೂರು ತಿಂಗಳ ನಂತರ ಕೂದಲು ಉದುರತೊಡಗಿದಾಗ ಕಾರಣ ಹಿಂದಿನ ಡಯಟ್ ಎಂದು ಎಷ್ಟೋ ಜನರಿಗೆ ಹೊಳೆಯುವುದೂ ಇಲ್ಲ. ಹೆಣ್ಣುಮಕ್ಕಳ ಮುಟ್ಟು ತಪ್ಪುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ‘ದ್ರವ ಪ್ರೋಟೀನ್’ ಮಾತ್ರ ಕುಡಿದು ಬದುಕುವ ಡಯಟ್ ಹಬ್ಬಿದಾಗ ಹೃದಯದ ಬಡಿತ ಕೆಟ್ಟು ಹತ್ತಾರು ಜನ ಸತ್ತರು.

ದೂರದ ಮಾತೇಕೆ? 2020ರ ಅಕ್ಟೋಬರ್‌ನಲ್ಲಿ ಬಂಗಾಳಿ ಚಿತ್ರನಟಿ ಮಿಷ್ಟಿ ಮುಖರ್ಜಿಯವರು ಬೆಂಗಳೂರಿನಲ್ಲಿ ಮೂತ್ರಪಿಂಡಗಳ ವೈಫಲ್ಯದಿಂದ ತೀರಿಕೊಂಡರು. ಅವರಿಗಿನ್ನೂ 27 ವರ್ಷ. ಕೀಟೊ ಆಹಾರಕ್ರಮದಿಂದ ಹೀಗಾಯಿತೆಂದು ಅವರ ಕಡೆಯವರು ಹೇಳಿಕೆ ಕೊಟ್ಟರು. ಒಂದು ಸಾವಿನ ಕಾರಣವನ್ನು ಪತ್ರಿಕಾ ಹೇಳಿಕೆಯಿಂದ ತೀರ್ಮಾನಿಸಲಾಗದು; ಆದರೆ ಮೂತ್ರಪಿಂಡದ ದೋಷ ಅನೇಕ ವೇಳೆ ಹೊರಗೆ ಕಾಣದೆ ಇರುತ್ತದೆ, ಪರೀಕ್ಷೆಯಿಲ್ಲದೆ ಇಂತಹ ಕ್ರಮಕ್ಕೆ ಇಳಿಯುವುದು ಕತ್ತಲಲ್ಲಿ ಬಾವಿಯ ಕಟ್ಟೆಯ ಮೇಲೆ ನಡೆದಂತೆ. 2025ರ ಮಾರ್ಚ್‌ನಲ್ಲಿ ನಮ್ಮ ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯಲ್ಲಿ 18 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ದಪ್ಪಗಾಗುವ ಭಯದಿಂದ ಅಂತರ್ಜಾಲದಲ್ಲಿ ಕಂಡ ಕ್ರಮವನ್ನು ಹಿಡಿದು ಊಟ ಬಿಟ್ಟು ಬಹುಮಟ್ಟಿಗೆ ನೀರಿನಲ್ಲಿಯೇ ದಿನ ದೂಡಿದ್ದಳೆಂದು ವರದಿಯಾಯಿತು. ಊಟವನ್ನೇ ದ್ವೇಷಿಸುವ ‘ಅನೊರೆಕ್ಸಿಯಾ’ ಎಂಬ ಮಾನಸಿಕ ಕಾಯಿಲೆ ಆಕೆಯನ್ನು ಹಿಡಿದಿತ್ತೆಂದು ವೈದ್ಯರು ಹೇಳಿದರು. ಆ ಕಾಯಿಲೆಗೆ ಚಿಕಿತ್ಸೆಯಿದೆ. ಆದರೆ ಅದನ್ನು ಕಾಯಿಲೆಯೆಂದು ಮನೆಯವರು ಗುರುತಿಸಬೇಕು. ಮಗಳು ಊಟ ಬಿಟ್ಟಾಗ ‘ಡಯಟ್ ಮಾಡುತ್ತಿದ್ದಾಳೆ’ ಎಂದು ಮೆಚ್ಚುವ ವಾತಾವರಣದಲ್ಲಿ ಗುರುತಿಸುವವರು ಯಾರು?

ಇಲ್ಲಿ ನಮ್ಮ ಮಾತಿನ ಹೊಣೆಯೂ ಇದೆ. ಮದುವೆ ಮನೆಯಲ್ಲಿ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ, ಬಹುದಿನಕ್ಕೆ ಕಂಡ ಹುಡುಗಿಗೆ ನಾವು ಹೇಳುವ ಮೊದಲ ಮಾತು ಯಾವುದು? ‘ಏನವ್ವಾ, ಭಾಳ ದಪ್ಪ ಆಗಿಯಲ್ಲ!’ ಹೇಳಿದವರಿಗೆ ಅದು ಸಲಿಗೆ. ಕೇಳಿದವಳಿಗೆ ಅದು ರಾತ್ರಿಯೆಲ್ಲ ಕಾಡುವ ತೀರ್ಪು. ಡಯಟ್ ಪಟ್ಟಿಗಳಿಗೆ ಗಿರಾಕಿಗಳನ್ನು ಒದಗಿಸುವವರಲ್ಲಿ ಜಾಹೀರಾತುಗಾರರಷ್ಟೇ ಅಲ್ಲ, ಪ್ರೀತಿಯ ಅತ್ತೆ, ಚಿಕ್ಕಮ್ಮಂದಿರೂ ಇದ್ದಾರೆ.

ಧಾನ್ಯಕ್ಕೂ ಬಂತು ಮೇಲುಕೀಳು

ವಿದೇಶಿ ಪಟ್ಟಿಗಳನ್ನು ಟೀಕಿಸುವುದು ಸುಲಭ. ಮನೆಯಂಗಳದ ಮೋಹವನ್ನೂ ನೋಡಬೇಕು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮರೆತುಹೋಗುತ್ತಿದ್ದ ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳು ಮತ್ತೆ ಅಂಗಡಿಗೆ ಬಂದವು. ಒಣಭೂಮಿಯ ರೈತನಿಗೆ ಇದು ಒಳ್ಳೆಯ ಸುದ್ದಿ. ಆದರೆ ಇದರೊಡನೆ ಒಂದು ವಿಂಗಡಣೆಯೂ ಪ್ರಚಾರಕ್ಕೆ ಬಂತು. ಈ ಐದು ‘ಧನಾತ್ಮಕ’ ಧಾನ್ಯಗಳಂತೆ, ಜೋಳ ರಾಗಿ ಸಜ್ಜೆಗಳು ‘ತಟಸ್ಥ’ವಂತೆ, ಅಕ್ಕಿ ಗೋಧಿಗಳು ‘ಋಣಾತ್ಮಕ’ವಂತೆ. ಇಂತಿಂಥ ಧಾನ್ಯ ಇಷ್ಟಿಷ್ಟು ದಿನ ಉಂಡರೆ ಇಂತಿಂಥ ದೊಡ್ಡ ರೋಗ ಗುಣವಾಗುವುದೆಂಬ ಪಟ್ಟಿಗಳೂ ಕೈಯಿಂದ ಕೈಗೆ ದಾಟಿದವು. ಪೋಷಣಾಶಾಸ್ತ್ರದಲ್ಲಿ ಇಂತಹ ಜಾತಿಭೇದವಿಲ್ಲ. ಸಿರಿಧಾನ್ಯ ಒಳ್ಳೆಯ ಆಹಾರ, ನಿಜ. ಆಹಾರವನ್ನು ಸರ್ವರೋಗಕ್ಕೆ ಮದ್ದೆಂದು ನಂಬಿ, ರಕ್ತದೊತ್ತಡದ, ಸಕ್ಕರೆಯ ಮಾತ್ರೆ ಬಿಟ್ಟವರ ಗತಿ ಏನೆಂಬುದು ಚಿಂತೆಯ ವಿಷಯ.

ಜೋಳದ ನಾಡಿನಲ್ಲಿ ಇದರ ವ್ಯಂಗ್ಯ ಇನ್ನಷ್ಟು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಸುಮಾರು ಅಷ್ಟೇ ನಾರು ಇದೆ. ಹಿಂದಿನವರು ಅದನ್ನು ಒಂಟಿಯಾಗಿ ಉಣ್ಣಲಿಲ್ಲ. ಮಡಕಿ ಕಾಳು, ಹೆಸರುಕಾಳು, ಪುಂಡಿಪಲ್ಯ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಮೊಸರುಗಳೊಡನೆ ಉಂಡರು. ಧಾನ್ಯದಲ್ಲಿ ಕೊರೆಯಾದ ಪ್ರೋಟೀನಿನ ಅಂಶವನ್ನು ಕಾಳು ತುಂಬಿತು. ಬನಹಟ್ಟಿಯ ಮಗ್ಗದ ಮನೆಯ ತಾಯಿ ಇಂದು ಈ ಊಟವನ್ನು ‘ತಟಸ್ಥ’ವೆಂದು ಕೀಳುಗಳೆದು, ಜೋಳಕ್ಕಿಂತ ದುಬಾರಿಯಾದ ಕೊರಲೆಯನ್ನು ಕಂತಿನಲ್ಲಿ ಕೊಳ್ಳುವ ಸ್ಥಿತಿ ಬಂದರೆ ಅದನ್ನು ಆರೋಗ್ಯ ಜಾಗೃತಿ ಎನ್ನಬೇಕೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಊಟಕ್ಕೂ ಸಲ್ಲುತ್ತದೆ.

ಉಪವಾಸ ಬೇರೆ, ಡಯಟ್ ಬೇರೆ

ಕೆಲವರು ತಪಸ್ಸುಕಾಲದ ಉಪವಾಸವನ್ನೂ ತೂಕ ಇಳಿಸುವ ಸುಸಮಯವೆಂದು ಎಣಿಸುವುದುಂಟು. ಎರಡರ ನಡುವಿನ ಅಂತರವನ್ನು ತಿಳಿಯುವುದು ಅಗತ್ಯ. ಕಥೋಲಿಕ ಧರ್ಮಸಭೆಯ ಕಾನೂನು ಉಪವಾಸವನ್ನು ಕಡ್ಡಾಯಗೊಳಿಸಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದಂದು. ಅದೂ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಮಾತ್ರ. ರೋಗಿಗಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ವಿನಾಯಿತಿಯಿದೆ. ಮುಸಲ್ಮಾನ ಬಂಧುಗಳ ರಂಜಾನ್ ಉಪವಾಸದಲ್ಲಿಯೂ ರೋಗಿಗೆ, ಪ್ರಯಾಣಿಕನಿಗೆ ಸಡಿಲಿಕೆಯಿದೆ. ಸಂಪ್ರದಾಯದ ಉಪವಾಸಕ್ಕೆ ಹೀಗೆ ಪಥ್ಯದಂತೆಯೇ ಕಟ್ಟುಗಳಿವೆ. ಅದು ಸಮುದಾಯವಾಗಿ ಆಚರಿಸುವಂಥದ್ದು, ಅದಕ್ಕೊಂದು ಕೊನೆಯ ದಿನವಿದೆ, ಉಳಿದ ತುತ್ತು ಹಸಿದವರಿಗೆ ಸೇರಬೇಕೆಂಬ ಕಳಕಳಿಯಿದೆ. ಡಯಟ್ ಮಾಡುವವರು ತಾಟಿನ ಮುಂದೆ ಒಂಟಿ. ಉಪವಾಸ ಮಾಡುವವರ ಕಣ್ಣು ನೆರೆಯವರ ಹಸಿವಿನ ಮೇಲಿರುತ್ತದೆ. ಡಯಟ್ ಮಾಡುವವರ ಕಣ್ಣು ಕನ್ನಡಿಯ ಮೇಲೆ, ತಕ್ಕಡಿಯ ಮೇಲೆ. ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾಡಿದರೆ ಎರಡೂ ಕೆಡುತ್ತವೆ.

ನಿಧಾನದ ದಾರಿ

ಹಾಗಾದರೆ ಹೆಚ್ಚಿದ ತೂಕವನ್ನು ಲೆಕ್ಕಿಸಬಾರದೇ? ಖಂಡಿತ ಲೆಕ್ಕಿಸಬೇಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಭಾರತೀಯರಿಗೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಂಭವ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಾರೆ. ಡಯಟ್ ಪಟ್ಟಿಗಳ ವಿಮರ್ಶೆ ಅಲಕ್ಷ್ಯಕ್ಕೆ ಅನುಮತಿಪತ್ರವಲ್ಲ.

2018ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಇಲ್ಲಿ ದಾರಿ ತೋರುತ್ತದೆ. 609 ಮಂದಿಯಲ್ಲಿ ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದು ಗುಂಪಿಗೆ ಪಿಷ್ಟ ಕಡಿಮೆ. ವರ್ಷದ ಕೊನೆಗೆ ಮೊದಲನೆಯವರು ಸರಾಸರಿ 5.3 ಕಿಲೋ, ಎರಡನೆಯವರು 6 ಕಿಲೋ ಇಳಿಸಿದ್ದರು. ಅದನ್ನು ವ್ಯತ್ಯಾಸವೆಂದು ಎಣಿಸುವಂತಿರಲಿಲ್ಲ. ಎರಡೂ ಗುಂಪುಗಳಿಗೆ ಸಮಾನವಾಗಿ ಹೇಳಿದ ಬುದ್ಧಿಮಾತೇ ಇಲ್ಲಿ ಗಮನಿಸತಕ್ಕದ್ದು. ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚು ತಿನ್ನಿ, ಆದಷ್ಟೂ ಮನೆಯಲ್ಲಿ ಅಡಿಗೆ ಮಾಡಿಕೊಳ್ಳಿ. ಹೆಸರಿನ ಡಯಟ್‌ಗಳು ಎಂದಾದರೂ ಫಲ ಕೊಟ್ಟಿದ್ದರೆ ಅವುಗಳೊಳಗೆ ಅಡಗಿರುವ ಈ ಸಾಮಾನ್ಯ ಮಾತುಗಳಿಂದಲೇ. ಇದನ್ನು ಹೇಳಲಿಕ್ಕೆ ಡಬ್ಬಿ ಬೇಡ, ಶುಲ್ಕ ಬೇಡ. ಆದ್ದರಿಂದಲೇ ಇದನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ವಾರಕ್ಕೆ ಅರ್ಧ ಕಿಲೋ ಇಳಿಸುವುದು ಸುರಕ್ಷಿತ, ದಿನದ ಊಟ 1,000 ಕ್ಯಾಲೊರಿಗಿಂತ ಕೆಳಗಿಳಿಯಬಾರದು ಎಂಬುದು ಅದರ ಸಲಹೆ. ದಿನಕ್ಕೆ 2,000 ಕ್ಯಾಲೊರಿಯ ತಾಟಿನಲ್ಲಿ ಧಾನ್ಯ ಸುಮಾರು 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಕಾಳುಬೇಳೆ ಅಥವಾ ಮೊಟ್ಟೆ ಮಾಂಸ 85 ಗ್ರಾಂ ಇರಬೇಕೆಂದು ಅದು ಹೇಳುತ್ತದೆ. ಈ ಅಂಕಿಗಳನ್ನು ನಮ್ಮ ಸೀಮೆಯ ಭಾಷೆಗೆ ತಂದರೆ ಅರ್ಥ ಇಷ್ಟೇ: ರೊಟ್ಟಿ ಇರಲಿ, ಅದರ ಪಕ್ಕದ ಪಲ್ಯ ದೊಡ್ಡದಾಗಲಿ, ಕಾಳು ದಿನವೂ ಬರಲಿ, ಚಹಾದ ಸಕ್ಕರೆ ಅರ್ಧವಾಗಲಿ, ಭಜಿ ಸಂತೆಯ ದಿನಕ್ಕೆ ಮರಳಲಿ, ಹೋಳಿಗೆ ಹಬ್ಬಕ್ಕೆ ಮರಳಲಿ. ಹೊಲಕ್ಕೆ ನಡೆದು ಹೋಗಬಹುದಾದಾಗ ನಡೆದೇ ಹೋಗೋಣ. ಇದರಿಂದ ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಇಳಿಯಲಿ. ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸಬಹುದು. ಇನ್ನೂ ಹೆಚ್ಚಿನ ನೆರವು ಬೇಕಾದವರಿಗೆ ವೈದ್ಯರಿದ್ದಾರೆ. 2025ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿರುವ ತೂಕ ಇಳಿಸುವ ಚುಚ್ಚುಮದ್ದುಗಳೂ ವೈದ್ಯರ ನಿಗಾದಲ್ಲಿ ಬಳಸಬೇಕಾದ ಔಷಧಿಗಳೇ. ಅವನ್ನು ಬಿಟ್ಟಾಗಲೂ ತೂಕ ಮರಳುವುದು ಸಾಮಾನ್ಯ ಎಂಬುದನ್ನು ತಿಳಿದಿರಬೇಕು.

ಯಾವುದೇ ಹೊಸ ಡಯಟ್ ಮನೆಬಾಗಿಲಿಗೆ ಬಂದಾಗ ಹಳೆಯ ಪಥ್ಯದ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇದು ಯಾರಿಗೆ? ಯಾವ ಕಾಯಿಲೆಗೆ? ಎಷ್ಟು ದಿನ? ಇವುಗಳ ಜೊತೆಗೆ ನಾಲ್ಕನೆಯದೊಂದನ್ನು ಈ ಕಾಲ ಸೇರಿಸಿದೆ: ಇದರಿಂದ ಹಣ ಯಾರಿಗೆ? ಉತ್ತರ ಸರಿಯಾಗಿ ಬಾರದಿದ್ದರೆ ಬಾಗಿಲಲ್ಲಿಯೇ ಕೈಮುಗಿದು ಕಳುಹಿಸಬಹುದು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದು ಊಟ ಬಿಟ್ಟವನನ್ನು ಕುರಿತಲ್ಲ, ಊಟ ಬಲ್ಲವನನ್ನು ಕುರಿತು. ಆ ಬಲ್ಮೆ ಒಂದು ವಾರದಲ್ಲಿ ಬರುವಂಥದ್ದಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಒಂದೇ ಅಡಿಗೆಯನ್ನು ಅವರವರ ಹಸಿವಿಗೆ ತಕ್ಕಷ್ಟು ಬಡಿಸಿಕೊಂಡು ಉಣ್ಣುವ ರೂಢಿಯಿಂದ, ವರ್ಷಗಳ ಕಾಲದಲ್ಲಿ ಬರುವಂಥದ್ದು.